ಓವರಾಲು ಮತ್ತು ನಮ್ಮ ಕಪಿಲೆಯ ಹಗ್ಗ

ಎಪ್ಪತ್ತರ ದಶಕದಲ್ಲಿ ನಮ್ಮ ಸೀಮೆಯವರ ಬಾಯಲ್ಲಿ ಇಂಗ್ಲಿಷಿನ ಮಾತುಗಳು ಬೇಕಾದಷ್ಟು ಓಡಾಡುತ್ತಿದ್ದವು. ಆದರೆ ಓವರ್‌ಹಾಲ್ ಹೋಗಿ ಆದ ‘ಓವರಾಲು’ ಎಂಬ ಮಾತಿಗೆ ಇದ್ದ ಗತ್ತು ಬೇರೆ ಯಾವುದಕ್ಕೂ ಇರಲಿಲ್ಲ. ಧರ್ಮಪುರದ ಬಸ್ಸು ಬರಲಿಲ್ಲವೆಂದರೆ ‘ಓವರಾಲಿಗೆ ಹೋಗೈತೆ’ ಎನ್ನುತ್ತಿದ್ದರು. ಹೊಲಿಗೆ ಮಷೀನು ಸದ್ದು ಮಾಡಿದರೆ ಓವರಾಲು, ಕೈಗಡಿಯಾರ ನಿಂತರೆ ಓವರಾಲು. ಹಿರಿಯೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿ ಎದ್ದು ಬಂದ ನಮ್ಮೂರಿನ ಅಜ್ಜನೊಬ್ಬ, ಕಟ್ಟೆಯ ಮೇಲೆ ಕೂತು, “ನಂದೂ ಓವರಾಲ್ ಆತು ಕಣವ್ವ, ಇನ್ನೊಂದಿಷ್ಟು ವರ್ಷ ಓಡ್ತೀನಿ” ಎಂದು ನನಗೆ ಹೇಳಿದ್ದ. ಹೇಳಿದಂತೆ ಓಡಿದ ಕೂಡ.

ಆಗ ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಹುಡುಗಿ ಇಂಗ್ಲಿಷ್ ಟೀಚರಾದದ್ದು ನಮ್ಮೂರಲ್ಲಿ ದೊಡ್ಡ ಸುದ್ದಿಯಾಗಿತ್ತು. ನನಗೂ ಒಳಗೊಳಗೇ ಹೆಮ್ಮೆ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟೂ ಅಷ್ಟೇ ಇತ್ತು, ಮೂಗಿನ ತುದಿಯಲ್ಲೇ. ಒಂದು ಮಧ್ಯಾಹ್ನ, ಬಸ್ ಡ್ರೈವರೊಬ್ಬರ ಮಗಳು ಎದ್ದು ನಿಂತು, “ಮೇಡಂ, ಓವರಾಲ್ ಮಾಡೋದು ಅಂದ್ರೆ ಎಂಜಿನ್ ಬಿಚ್ಚಿ ಜೋಡಿಸೋದು ಅಂತ ನಮ್ಮಪ್ಪ ಹೇಳ್ತಾರೆ. ಎಂಜಿನ್ ಇಲ್ದಾಗ ಆ ಮಾತು ಇರಲಿಲ್ವ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲವಾದ್ದರಿಂದ, ಕೂತುಕೋ ನಾಳೆ ಹೇಳುತ್ತೇನೆ ಎಂದು ಗದರಿ ಕೂರಿಸಿದೆ.

ಶಾಲೆಯ ಬೀರುವಿನಲ್ಲಿ ಒಂದು ದಪ್ಪ ಡಿಕ್ಷನರಿ ಇತ್ತು. ಎರಡೂ ಕೈ ಹಾಕದೆ ಎತ್ತುವಂತಿರಲಿಲ್ಲ. ಅಂದು ಸಂಜೆ ಎಲ್ಲರೂ ಹೋದ ಮೇಲೆ ಅದನ್ನು ಮೇಜಿನ ಮೇಲೆ ಹರವಿಕೊಂಡು ಆ ಪದ ಹುಡುಕಿದೆ. ಅದು ಹಡಗಿನವರ ಮಾತಂತೆ. ಹಾಯಿ ಏರಿಸಲು, ಭಾರ ಎತ್ತಲು ಗಾಲಿಗಳ ಮೇಲೆ ಹಾದುಬಂದು ಬಿಗಿದುಕೊಂಡಿರುವ ಹಗ್ಗವನ್ನು ಹಿಂದಕ್ಕೆ ಎಳೆದು ಸಡಿಲು ಬಿಡುವ ಕೆಲಸಕ್ಕೆ ಹಿಂದಿನ ಕಾಲದ ನಾವಿಕರು ಆ ಹೆಸರು ಇಟ್ಟಿದ್ದರು. ಸಡಿಲಾದ ಹಗ್ಗ ಹಾದುಹೋಗುವಾಗ ಎಲ್ಲಿ ಸವೆದಿದೆ, ಎಲ್ಲಿ ಎಳೆ ಬಿಟ್ಟಿದೆ ಎಂದು ನೋಡುತ್ತಿದ್ದರು. ಬರಬರುತ್ತ ಹಾಗೆ ನೋಡುವುದಕ್ಕೇ ಆ ಹೆಸರಾಯಿತು. ಆಮೇಲೆ ಯಾವುದನ್ನೇ ಬಿಚ್ಚಿ, ನೋಡಿ, ಸರಿಮಾಡಿದರೂ ಅದೇ ಹೆಸರಾಯಿತು. ಹಡಗಿನಿಂದ ಇಳಿದ ಮಾತು ರೈಲು ಹತ್ತಿ, ಬಸ್ಸು ಹತ್ತಿ, ಕಡೆಗೆ ನಮ್ಮೂರಿನ ಕಟ್ಟೆಯ ಮೇಲೆ ಬಂದು ಕೂತಿತ್ತು.

ನಾನು ಅಲ್ಲಿಯವರೆಗೆ ಸಮುದ್ರ ಕಂಡವಳಲ್ಲ. ನಾನು ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ ಅಣೆಕಟ್ಟಿನದು. ಆದರೂ ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಹಡಗಲ್ಲ, ನಮ್ಮ ಬಾವಿ. ಮೂಗಿಗೆ ಹೊಂಗೆ ಎಣ್ಣೆಯ ವಾಸನೆ ಬಡಿದಂತಾಯಿತು. ಬಿಚ್ಚಿದ ಡಿಕ್ಷನರಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಯಾಕೆ ಅತ್ತೆ ಎಂದು ಹೇಳಬೇಕಾದರೆ ಮೊದಲು ನಮ್ಮ ಕಪಿಲೆಯ ವಿಷಯ ಹೇಳಬೇಕು. ಈಗಿನ ಮಕ್ಕಳು ಅದನ್ನು ಕಂಡಿಲ್ಲ. ಬಾವಿಯ ಬಾಯಿಯ ಮೇಲೆ ಎರಡು ಕಲ್ಲುಕಂಬ, ನಡುವೆ ಒಂದು ಮರದ ಗಾಲಿ. ಗಾಲಿಯ ಮೇಲೆ ಹಾದು ಬಾವಿಯೊಳಕ್ಕೆ ಇಳಿಯುವ ದಪ್ಪ ಹಗ್ಗದ ತುದಿಯಲ್ಲಿ ನೀರು ತುಂಬುವ ತಗಡಿನ ಬಾನಿ. ಹಗ್ಗದ ಈಚೆ ತುದಿ ಜೋಡೆತ್ತಿನ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಬಾನಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಅವು ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಮೇಲೆ ಬಂದರೆ ಬಾನಿ ಮತ್ತೆ ನೀರಿಗಿಳಿಯುತ್ತಿತ್ತು. ಗಾಲಿಯ ಕಿರುಗುಟ್ಟುವ ಸದ್ದು ನಮಗೆ ಬೆಳಗಿನ ಸುಪ್ರಭಾತ. ಅಪ್ಪ ಎತ್ತು ಹೊಡೆದರೆ ಚಿಕ್ಕಪ್ಪ ಮಡಿಗಳಿಗೆ ನೀರು ಕಟ್ಟುತ್ತಿದ್ದ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ ಅವನು. ಇಬ್ಬರದೂ ಒಂದೇ ಒಲೆ, ಒಂದೇ ಬಾವಿ.

ದೀಪಾವಳಿ ಕಳೆದು, ಇನ್ನು ಮಳೆಯಿಲ್ಲ, ಬಾವಿ ನೀರೇ ಗತಿ ಎನ್ನುವ ಹೊತ್ತಿಗೆ ನಮ್ಮ ಮನೆಯಲ್ಲಿ ಹಗ್ಗ ಸವರುವ ದಿನ ಬರುತ್ತಿತ್ತು. ಹೊಸದುರ್ಗದ ಕಡೆಯಿಂದ ತಂದ ತೆಂಗಿನ ನಾರಿನ ಹಗ್ಗ ಅದು, ನನ್ನ ಮುಂಗೈಯಷ್ಟು ದಪ್ಪ. ಅದನ್ನು ಗಾಲಿಯಿಂದ ಇಳಿಸಿ, ಬಾವಿ ಕಟ್ಟೆಯಿಂದ ಹುಣಸೆಮರದವರೆಗೆ ಉದ್ದಕ್ಕೂ ಕಂಬಳಿ ಹಾಸಿ ಮಲಗಿಸುತ್ತಿದ್ದರು. ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಚಿಕ್ಕಪ್ಪ. ನಡುವೆ ಅವ್ವ, ಚಿಕ್ಕಮ್ಮ, ನಾವು ಮಕ್ಕಳು ಸಾಲಾಗಿ ಕೂರಬೇಕು. ಹಗ್ಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನಿಧಾನವಾಗಿ ಹಾಯುತ್ತಿತ್ತು. ಕಣ್ಣು ಮುಚ್ಚಿಕೊಂಡು ಸವರಬೇಕು. ಕಣ್ಣು ಮೇಲಿನದನ್ನು ಮಾತ್ರ ನೋಡುತ್ತೆ, ಕೈ ಒಳಗಿನದನ್ನೂ ನೋಡುತ್ತೆ ಎಂಬುದು ನಮ್ಮಜ್ಜಿಯ ಕಾಲದಿಂದ ಬಂದ ಕಟ್ಟಳೆ. ಎಳೆ ಸಡಿಲಾದ ಕಡೆ ಸುತ್ತು ಹಾಕಿ, ಒಣಗಿದ ಕಡೆ ಹೊಂಗೆ ಎಣ್ಣೆ ಉಜ್ಜುತ್ತಿದ್ದೆವು. ವಾರದವರೆಗೂ ಅನ್ನದಲ್ಲೂ ಆ ವಾಸನೆಯೇ.

ಇನ್ನೊಂದು ಕಟ್ಟಳೆ ಇತ್ತು. ಹಗ್ಗ ಸವರುವಾಗ ಮೂಕರಾಗಿ ಕೂರುವಂತಿಲ್ಲ. ಹಗ್ಗ ಕೈಗೆ ಬಂದವರು “ಬಂತು” ಎನ್ನಬೇಕು, ಮುಂದಕ್ಕೆ ದಾಟಿಸಿದವರು “ಬಿಟ್ಟೆ” ಎನ್ನಬೇಕು. ಯಾಕೆಂದರೆ ಅಂಥ ಭಾರದ ಹಗ್ಗವನ್ನು ಹೇಳದೆ ಬಿಟ್ಟರೆ ಮುಂದಿನವರ ಕೈ ಸೀಳಿಹೋಗುತ್ತದೆ, ನಡುವೆ ತಿರುಚಿಕೊಳ್ಳುತ್ತದೆ. ಹೀಗಾಗಿ ಇಡೀ ಬೆಳಗು ಹುಣಸೆಮರದ ಕೆಳಗೆ ಬಂತು, ಬಿಟ್ಟೆ, ಬಂತು, ಬಿಟ್ಟೆ. ನಡುವೆ ಅವ್ವ ಮತ್ತು ಚಿಕ್ಕಮ್ಮನ ಕಿಸಕಿಸ, ನಮ್ಮ ಜಗಳ, ಚಿಕ್ಕಪ್ಪನ ಕುಚೋದ್ಯ. ನನ್ನ ಬಾಲ್ಯದ ಯಾವ ಹಬ್ಬವೂ ನನಗೆ ಇಷ್ಟು ಚೆನ್ನಾಗಿ ನೆನಪಿಲ್ಲ.

ಸವರಿ ಮುಗಿಸಿದ ಹಗ್ಗ ಮೊದಲು ನೀರೆತ್ತುತ್ತಿರಲಿಲ್ಲ. ಮೊದಲು ಮನುಷ್ಯನನ್ನು ಇಳಿಸುತ್ತಿತ್ತು. ಬಾವಿಯ ಮೆಟ್ಟಿಲುಗಳು ಅರ್ಧಕ್ಕೇ ಕುಸಿದಿದ್ದವು. ಹೂಳು, ಕಸ ತೆಗೆಯಲು ಚಿಕ್ಕಪ್ಪ ಆ ಹಗ್ಗವನ್ನೇ ಸೊಂಟಕ್ಕೆ ಕಟ್ಟಿಕೊಂಡು ಇಳಿಯುತ್ತಿದ್ದ. ಅಪ್ಪ ಹಗ್ಗವನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ, ಕಾಲು ಊರಿ, ಸ್ವಲ್ಪಸ್ವಲ್ಪವೇ ಬಿಡುತ್ತಿದ್ದ. ಚಿಕ್ಕಪ್ಪ ಕೆಳಗಿಂದ “ಬಿಡು ಅಣ್ಣ” ಎನ್ನುತ್ತಿದ್ದ. ಅಪ್ಪ “ಬಿಟ್ಟೆ” ಎನ್ನುತ್ತಿದ್ದ. ಆ ಹೊತ್ತಿನಲ್ಲಿ ಅಪ್ಪನ ಹತ್ತಿರ ಯಾರೂ ಬೇರೆ ಮಾತಾಡುವಂತಿರಲಿಲ್ಲ. ಅವ್ವ ಕರೆದರೂ ಓ ಎನ್ನುತ್ತಿರಲಿಲ್ಲ.

ಆ ಚಿಕ್ಕಪ್ಪ ನನಗೆ ಯಾರು ಎಂದರೆ, ನನ್ನನ್ನು ಓದಿಸಿದವನು. ಹೆಣ್ಣುಮಗಳು ಹೈಸ್ಕೂಲಿಗೆ ಯಾಕೆ ಎಂದು ಅಪ್ಪ ಗೊಣಗಿದಾಗ, “ನಿನ್ ಮಗಳು ಅಂತ ನೀನು ಹಿಂಗಂತೀಯ ಅಣ್ಣ. ನನ್ ಮಗಳು ಅಂತ ನಾನು ಕಳಿಸ್ತೀನಿ” ಎಂದವನು. ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಸ್ಸಿನವರೆಗೆ ಬಿಟ್ಟುಬರುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಕುರಿ, ಎತ್ತುಗಳೆಂದರೆ ಜೀವ. ನಮ್ಮ ಕಪಿಲೆಯ ಜೋಡಿಯಲ್ಲಿ ಬಲಗಡೆ ಕಟ್ಟುತ್ತಿದ್ದ ಬಿಳಿಯೆತ್ತನ್ನು ಅವನೇ ಕರುವಿನಿಂದ ಸಾಕಿದ್ದ. ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ನಡೆಯುವುದು ಎತ್ತಿನ ಹುಟ್ಟುಗುಣವಲ್ಲ. ಅದನ್ನು ಮೂಗುದಾರ ಎಳೆಯದೆ, ಬರೀ ಮಾತಿನಲ್ಲಿ ಕಲಿಸಿದ್ದ. ಬಿಳಿಯೆತ್ತು ಅವನ ದನಿ ಕೇಳಿದರೆ ಹಿಂದಕ್ಕೆ ಹೆಜ್ಜೆಯಿಡುತ್ತಿತ್ತು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಚಿಕ್ಕಪ್ಪ ಎಂದಿನಂತೆ ಕುರಿ ಹೊಡೆದುಕೊಂಡು ಭರಮಸಾಗರದ ಕಡೆ ಹೋದ. ಅಲ್ಲಿನ ಕೆರೆಯ ಹಿಂದಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ಹಾಕಿ ವಾರಗಟ್ಟಲೆ ಇರುತ್ತಿದ್ದ. ಅವನು ಅತ್ತ ಹೋದಾಗ ಅಪ್ಪ ಇತ್ತ ಬಿಳಿಯೆತ್ತನ್ನು ಹಿರಿಯೂರು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಪ್ರಾಯದ ಇನ್ನೊಂದು ಎತ್ತು ತಂದ. ಬಿಳಿಯೆತ್ತಿಗೆ ವಯಸ್ಸಾಗಿತ್ತು, ಇಳಿಜಾರಿನಲ್ಲಿ ಮುಗ್ಗರಿಸುತ್ತಿತ್ತು, ಅದು ನಿಜ. ಆದರೆ ಚಿಕ್ಕಪ್ಪನನ್ನು ಒಂದು ಮಾತು ಕೇಳಿರಲಿಲ್ಲ, ಅದೂ ನಿಜ.

ಚಿಕ್ಕಪ್ಪ ಬಂದ. ಕೊಟ್ಟಿಗೆಗೆ ಹೋದ. ಹೊರಗೆ ಬಂದು ಕೈಕಾಲು ತೊಳೆದ. ಅಪ್ಪನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ, ಕೂಗಾಡಿದ್ದರೆ, ಎಲ್ಲ ಆವತ್ತಿಗೇ ಮುಗಿಯುತ್ತಿತ್ತೇನೋ. ಅಪ್ಪನೂ ತಾನಾಗಿ ಹೇಳಲಿಲ್ಲ. ತಾನು ಹಿರಿಯ, ತನ್ನನ್ನು ಕೇಳುವವರಾರು ಎಂಬ ಬಿಗುವು. ನೋಡನೋಡುತ್ತ ಒಲೆ ಎರಡಾಯಿತು, ಅಂಗಳದ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಎದ್ದಿತು, ಇದ್ದ ಎರಡು ಎತ್ತಿನಲ್ಲಿ ಒಂದು ಆಚೆಗೆ ಹೋಯಿತು, ಒಂದು ಈಚೆಗೆ ಉಳಿಯಿತು. ಬಾವಿಯನ್ನು ಮಾತ್ರ ಹಂಚಲು ಬರಲಿಲ್ಲ. ಎರಡು ಮುದುಕ ಟಗರುಗಳ ಹಾಗೆ ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಆ ಗೋಡೆಯ ಈಚೆ ನನ್ನನ್ನು ಹುಟ್ಟಿಸಿದವನು, ಆಚೆ ನನ್ನನ್ನು ಓದಿಸಿದವನು. ರಜೆಗೆ ಮನೆಗೆ ಬಂದರೆ ಯಾವ ಕಡೆ ಮೊದಲು ಚಪ್ಪಲಿ ಬಿಡುವುದು ಎಂಬುದೇ ನನಗೊಂದು ಸಂಕಟವಾಗಿತ್ತು.

ಆ ವರ್ಷ ದೀಪಾವಳಿಯ ಮೇಲೆ ಹಗ್ಗ ಸವರಲು ಮಾತ್ರ ಇಬ್ಬರೂ ಬಂದರು. ಬರಲೇಬೇಕಿತ್ತು. ಒಂದು ತುದಿ ಅವನು, ಒಂದು ತುದಿ ಇವನು. “ಬಂತು.” “ಬಿಟ್ಟೆ.” ಅಷ್ಟೇ. ಎತ್ತುಗಳ ಜೋಡಿ ಕಟ್ಟಿ ನೀರು ಹೊಡೆಯುವಾಗಲೂ ಅಷ್ಟೇ ಮಾತು. ಆದರೂ ಅದು ಮಾತೇ ಆಗಿತ್ತು, ನಾವು ಹೆಂಗಸರು ಕಿವಿಗೊಟ್ಟು ಕೇಳುತ್ತಿದ್ದೆವು. ಚಿಕ್ಕಮ್ಮ ನನ್ನ ಕಿವಿಯಲ್ಲಿ, “ಇನ್ನೊಂದೆರ್ಡು ವರ್ಷ ಹಿಂಗೇ ಹಗ್ಗ ಸವರಿದ್ರೆ ಸರಿಹೋಗ್ತಾರೆ ಬಿಡವ್ವ” ಎಂದಿದ್ದಳು.

ಮಾರನೆಯ ವರ್ಷ ನಮ್ಮ ಹೊಲಕ್ಕೆ ಕರೆಂಟು ಬಂತು. ಬಾವಿಯೊಳಗಿನ ಕಲ್ಲಿನ ಮೆಟ್ಟಿಲ ಮೇಲೆ ಮೋಟಾರು ಕೂತಿತು. ಒಂದು ದಿನ ಅವರ ಸರದಿ, ಒಂದು ದಿನ ನಮ್ಮ ಸರದಿ. ಒಂದು ಗುಂಡಿ ಒತ್ತಿದರೆ ನೀರು, ಇನ್ನೊಂದು ಒತ್ತಿದರೆ ನಿಂತಿತು. ಊರೆಲ್ಲ ಬಂದು ನೋಡಿ ಹೊಗಳಿತು, ಅಪ್ಪ ಪೇಟ ಸುತ್ತಿಕೊಂಡು ನಿಂತಿದ್ದ. ಕಪಿಲೆಯ ಹಗ್ಗ ಸುರುಳಿ ಸುತ್ತಿಕೊಂಡು ಅಟ್ಟ ಸೇರಿತು. ಅದರ ಜೊತೆಗೆ, ಅಣ್ಣತಮ್ಮಂದಿರ ನಡುವೆ ಉಳಿದಿದ್ದ ಆ ಎರಡು ಮಾತೂ ಅಟ್ಟ ಸೇರಿದವು. ಎಲ್ಲರೂ ಸಂತೋಷಪಡುತ್ತಿದ್ದ ಆ ದಿನ ನಾನು ಮೋಟಾರನ್ನು ಮನಸಾರೆ ಬೈದೆ.

ಹೊಳಲ್ಕೆರೆಯ ಆ ಸಂಜೆ ನಾನು ಅತ್ತದ್ದು ಇದಕ್ಕೆ. ಎಲ್ಲೋ ಸಮುದ್ರದ ನಡುವೆ, ಮುಖ ಕಾಣದ ಯಾರೋ ನಾವಿಕರು ನಮ್ಮ ಹಾಗೆಯೇ ಹಗ್ಗ ಸವರುತ್ತ ಕೂತಿದ್ದರು. ಬಿಗಿದದ್ದನ್ನು ಮೊದಲು ಸಡಿಲಿಸಬೇಕು, ಆಮೇಲೆ ನೋಡಬೇಕು ಎಂದು ಅವರಿಗೂ ಗೊತ್ತಿತ್ತು. ಈ ಸುದ್ದಿಯನ್ನು ಹೇಳಿದರೆ ಹಿಗ್ಗುವವರು ಲೋಕದಲ್ಲಿ ಇಬ್ಬರೇ, ಆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳುವಂತಿರಲಿಲ್ಲ. ಬಸ್ ಡ್ರೈವರನ ಮಗಳಿಗೆ ಮಾರನೆಯ ದಿನ ಹಡಗು, ಹಗ್ಗ ಎಲ್ಲ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ನನಗೆ ಸಮಾಧಾನವಾಗಲಿಲ್ಲ.

ಬೇಸಿಗೆ ರಜೆಗೆ ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹಿರಿಯೂರಿನಲ್ಲಿ ಇನ್ನೊಮ್ಮೆ ಬದಲಿಸಿ ಮನೆ ಸೇರಿದೆ. ಮೊದಲ ದಿನ ಬೆಳಗ್ಗೆಯೇ ಅಂಗಳದ ಗೋಡೆಯ ಪಕ್ಕ ರಾಗಿ ಹಸನು ಮಾಡುತ್ತಿದ್ದ ಅವ್ವನ ಮುಂದೆ ಕೂತು, ಕ್ಲಾಸಿನಲ್ಲಿ ಪಾಠ ಹೇಳುವ ಗಂಟಲಲ್ಲಿ ಓವರಾಲಿನ ಕಥೆ ಶುರುಮಾಡಿದೆ. ಅಪ್ಪ ಈಚೆ ಜಗಲಿಯಲ್ಲಿ ಬೀಡಿ ಸೇದುತ್ತಿದ್ದ, ಚಿಕ್ಕಪ್ಪ ಆಚೆ ಕಂಬಳಿ ಕೊಡವುತ್ತಿದ್ದ. ಹಡಗು, ಹಾಯಿ, ಗಾಲಿ, ಹಗ್ಗ, ಒಂದನ್ನೂ ಬಿಡಲಿಲ್ಲ.

ಅವ್ವ ಮೊರ ನಿಲ್ಲಿಸಿ, “ಯಾಕಿಂಗೆ ಕಿರುಚ್ತೀಯ? ನಾನೇನು ಕಿವುಡಿಯೇನೆ?” ಎಂದಳು.

ಆಚೆ ಕಂಬಳಿ ಕೊಡವುವ ಸದ್ದು ನಿಂತಿತ್ತು. ಈಚೆ ಅಪ್ಪನ ಬೀಡಿ ಆರಿತ್ತು. ಅಷ್ಟೇ ಆದದ್ದು. ಕಥೆ ಮುಗಿದ ಮೇಲೆ ಕಂಬಳಿಯ ಸದ್ದು ಮತ್ತೆ ಶುರುವಾಯಿತು, ಅಪ್ಪ ಎದ್ದು ಹೊಲಕ್ಕೆ ಹೋದ. ನನ್ನ ಬಿ.ಎ., ಬಿ.ಎಡ್. ಎಲ್ಲ ಗೋಡೆಗೆ ಬಡಿದು ನೆಲಕ್ಕೆ ಬಿದ್ದಂತಾಯಿತು.

ಆ ರಜೆಯಲ್ಲೇ ಮೋಟಾರು ಸುಟ್ಟುಹೋಯಿತು. ಗುಂಡಿ ಒತ್ತಿದರೆ ಒಂದು ಗೊರ್ ಎಂಬ ಸದ್ದು, ಆಮೇಲೆ ಕಮಟು ವಾಸನೆ. ಹಿರಿಯೂರಿನಿಂದ ಬಂದ ಮೆಕ್ಯಾನಿಕ್ಕು ಬಾವಿಗಿಳಿದು ಮೋಟಾರು ಬಿಚ್ಚಿ ಮೂಸಿ ನೋಡಿ, ಡಾಕ್ಟರನ ಹಾಗೆ ತಲೆಯಾಡಿಸಿದ. “ವೈಂಡಿಂಗ್ ಹೋಗೈತ್ರಿ. ಪೂರ್ತಿ ಓವರಾಲೇ ಆಗ್ಬೇಕು. ಇಲ್ಲಾಗಾಕಿಲ್ಲ, ಅಂಗಡಿಗೇ ಒಯ್ಬೇಕು.” ಎಷ್ಟು ದಿನ ಎಂದರೆ, “ಕೆಲ್ಸ ಬಾಳ ಅವೆ, ನೋಡಾಣ” ಎಂದ. ಗಾಡಿಯಲ್ಲಿ ಮೋಟಾರು ಹೋಯಿತು. ಎರಡೂ ಮನೆಯ ಈರುಳ್ಳಿ ಮಡಿಗಳು ಗೆಡ್ಡೆ ಕಟ್ಟುವ ಹೊತ್ತು ಅದು. ಬಿಸಿಲೋ ಬಿಸಿಲು.

ಉಳಿದದ್ದು ಒಂದೇ ದಾರಿ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಕಪಿಲೆ ಕಟ್ಟಲು ಜೋಡೆತ್ತು ಬೇಕು, ಇದ್ದದ್ದು ಗೋಡೆಯ ಆಚೆ ಒಂದು, ಈಚೆ ಒಂದು. ಅಪ್ಪ ಕೇಳುವವನಲ್ಲ, ಚಿಕ್ಕಪ್ಪ ಹೇಳುವವನಲ್ಲ. ಕೊನೆಗೆ ಅವ್ವ, ಚಿಕ್ಕಮ್ಮ ಗೋಡೆಯ ಬಳಿ ನಿಂತು ಮಾತಾಡಿಕೊಂಡರು. ಮಾರನೆಯ ಬೆಳಗ್ಗೆ ಚಿಕ್ಕಪ್ಪ ತನ್ನ ಎತ್ತನ್ನು ಹೊಡೆದುಕೊಂಡು ಬಾವಿಯ ಬಳಿಗೆ ಬಂದು, ಆಕಾಶ ನೋಡುತ್ತ ನಿಂತ. ಅಪ್ಪ ಅಟ್ಟದಿಂದ ಹಗ್ಗ ಇಳಿಸಿ ಹೊತ್ತು ತಂದ.

ಅಪ್ಪ ಹಗ್ಗವನ್ನು ನೇರವಾಗಿ ಗಾಲಿಯ ಮೇಲೆ ಹಾಕಿದ. ನಾನು ತಡೆಯಲಾರದೆ, “ಅಪ್ಪ, ಸವರಾದಿಲ್ವ?” ಎಂದೆ.

“ಅಟ್ಟದ ಮ್ಯಾಲೆ ಬೆಚ್ಚಗಿತ್ತು, ಅದಕ್ಕೇನಾಗೈತೆ” ಎಂದು ಅಪ್ಪ ಸಿಡುಕಿದ. ಅಟ್ಟದ ಮೇಲೆ ಇಲಿಗಳಿದ್ದವು, ಮಳೆಗಾಲದಲ್ಲಿ ಸೋರುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಸವರಲು ಕೂತರೆ ಮಾತಾಡಬೇಕಾಗುತ್ತದೆ. ಅದನ್ನು ತಪ್ಪಿಸಲು ಹೀಗೆ ಮಾಡುತ್ತಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಆದರೆ ಅಪ್ಪನ ಮುಖ ನೋಡಿ ಸುಮ್ಮನಾದೆ.

ಬಾನಿಯನ್ನು ಒಂದು ಸಲ ಇಳಿಸಿ ನೋಡಿದರೆ ಅದು ನೀರು ಮುಟ್ಟಲಿಲ್ಲ. ಮೋಟಾರಿನ ಕಬ್ಬಿಣದ ಪೈಪು ಬಾವಿಯೊಳಗೇ ಉಳಿದುಬಿಟ್ಟಿತ್ತು, ಅದು ಬಾನಿಗೆ ಅಡ್ಡ. ಯಾರಾದರೂ ಇಳಿದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಬೇಕು. ಮೋಟಾರಿದ್ದ ಕಲ್ಲಿನವರೆಗೆ ಮೆಟ್ಟಿಲಿದ್ದವು, ಅಲ್ಲಿಂದ ಕೆಳಗೆ ಬರೀ ಗೋಡೆ.

ಚಿಕ್ಕಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅಂಗಿ ಬಿಚ್ಚಿ ಕಟ್ಟೆಯ ಮೇಲಿಟ್ಟ. ಬಾನಿಯನ್ನು ಕಳಚಿ, ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕತೊಡಗಿದ. ಅದೇ ಹಗ್ಗ, ಸವರದ ಹಗ್ಗ. ಹಾಕಿದವನು ಅಣ್ಣ, ಸವರುವುದು ಬೇಡವೆಂದವನು ಅಣ್ಣ. ತಾನು ಒಂದು ಮಾತೂ ಆಡದೆ ಅದರಲ್ಲೇ ಇಳಿಯುತ್ತೇನೆ ಎಂದು ಹೊರಟಿದ್ದ. ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕಪ್ಪ ಕಟ್ಟೆಯ ಮೇಲೆ ಕೂತು ಒಂದು ಕಾಲನ್ನು ಬಾವಿಯೊಳಕ್ಕೆ ಇಳಿಬಿಟ್ಟ.

“ಲೇ! ಇಳೀಬ್ಯಾಡ!”

ಅಪ್ಪನ ಕೂಗಿಗೆ ಎತ್ತುಗಳು ಬೆಚ್ಚಿಬಿದ್ದವು. ಅಪ್ಪ ಓಡಿಬಂದು ಚಿಕ್ಕಪ್ಪನ ರಟ್ಟೆ ಹಿಡಿದಿದ್ದ. “ಹಗ್ಗ ಸವರಿಲ್ಲ ಕಣೋ. ಸವರಿಲ್ಲ. ನೋಡ್ಕಂಡು ನೋಡ್ಕಂಡು ಇಳೀತೀಯಲ್ಲ, ನಿಂಗೇನು ಬುದ್ಧಿಗಿದ್ಧಿ ಐತಾ?”

ಚಿಕ್ಕಪ್ಪ ಹಿಡಿದ ಕೈಯನ್ನು ನೋಡಿದ. “ನೀನು ಹಾಕಿದ್ದಲ್ವ,” ಎಂದ. “ಅದಕ್ಕೇ ಇಳೀತಿದ್ದೆ.”

ಅಪ್ಪ ಮೊಣಕಾಲೂರಿ ಕೂತ. ಚಿಕ್ಕಪ್ಪನ ಸೊಂಟದ ಗಂಟನ್ನು ತಾನೇ ಬಿಚ್ಚತೊಡಗಿದ. ಬಿಗಿದ ಗಂಟು ಬಿಚ್ಚಲು ಬರಲಿಲ್ಲ. ಕಡೆಗೆ ಇಬ್ಬರೂ ಸೇರಿ ಬಿಚ್ಚಿದರು.

ಗಾಲಿಯಿಂದ ಹಗ್ಗವನ್ನು ಹಿಂದಕ್ಕೆಳೆದು ಇಳಿಸಿದೆವು. ಅವ್ವ ಕಂಬಳಿ ತಂದಳು, ಚಿಕ್ಕಮ್ಮ ಎಣ್ಣೆ ತಂದಳು. ಬಾವಿಯಿಂದ ಹುಣಸೆಮರದವರೆಗೆ ಮತ್ತೆ ಸಾಲು. ನಾನು ನಡುವೆ ಕೂತು ಕಣ್ಣು ಮುಚ್ಚಿದೆ. ಹಗ್ಗ ಬಂತು. ಒರಟು, ಒಣಕಲು, ಅಟ್ಟದ ಧೂಳು. “ಬಂತು,” ಎಂದೆ. ಅಳು ಬಂದು ದನಿ ಒಡೆಯಿತು. ಆ ತುದಿಯಿಂದ ಚಿಕ್ಕಪ್ಪನ ದನಿ ಕೇಳಿತು.

“ಟೀಚರಮ್ಮ, ಹಡಗಿನೋರೂ ಹಿಂಗೇ ಅಳ್ತಾ ಸವರ್ತಾರೇನವ್ವ? ನಿನ್ ಪುಸ್ತಕದಾಗೆ ಏನು ಬರದೈತೆ?”

ಈ ತುದಿಯಲ್ಲಿ ಅಪ್ಪ ನಕ್ಕ. ಗೋಡೆಯ ಎರಡೂ ಕಡೆ ನನ್ನ ಪಾಠ ಕೇಳಿಸಿತ್ತು ಎಂದು ಅವತ್ತು ಗೊತ್ತಾಯಿತು.

ಹಗ್ಗ ಎಲ್ಲೂ ಕೆಟ್ಟಿರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಎಲ್ಲಿ ಹರಿದಿತ್ತು, ಎಲ್ಲಿ ಇಲಿ ಕಡಿದಿತ್ತು ಎಂದು ಕೇಳುತ್ತಾರೆ. ಎಲ್ಲೂ ಇಲ್ಲ. ಒಂದು ಕಡೆ ಎಳೆ ಸ್ವಲ್ಪ ಸಡಿಲಾಗಿತ್ತು, ಅವ್ವ ಅದಕ್ಕೆ ಸುತ್ತು ಹಾಕಿದಳು. ಅಷ್ಟೆ. ಚಿಕ್ಕಪ್ಪ ಸವರದೆ ಇಳಿದಿದ್ದರೂ ಏನೂ ಆಗುತ್ತಿರಲಿಲ್ಲ.

ಸವರುವುದು ಮುಗಿದು ಎಣ್ಣೆ ಹಚ್ಚುವಾಗ ಇಬ್ಬರೂ ಪಕ್ಕಪಕ್ಕ ಬಂದಿದ್ದರು. ಚಿಕ್ಕಪ್ಪ ಹಗ್ಗದ ಮೇಲಿನಿಂದ ಕಣ್ಣು ತೆಗೆಯದೆ ಕೇಳಿದ.

“ಬಿಳಿಯೆತ್ತು ಮಾರೋವಾಗ ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಣ್ಣ?”

ಅಪ್ಪ ಎಣ್ಣೆ ಉಜ್ಜುತ್ತಲೇ ಇದ್ದ. “ಕೇಳಿದ್ರೆ ಬ್ಯಾಡ ಅಂತಿದ್ದೆ ನೀನು.”

“ಅಂತಿದ್ದೆ.”

“ಅದು ಇಳಿಜಾರ್ನಾಗೆ ಬೀಳ್ತಿತ್ತು ಕಣೋ.”

“ಗೊತ್ತು. ನಂಗೂ ಕಾಣ್ತಿತ್ತು. ಕೇಳಿದ್ರೆ ಬ್ಯಾಡ ಅಂತಿದ್ದೆ, ಅತ್ತು, ಆಮ್ಯಾಲೆ ನಾನೇ ಹೊಡ್ಕಂಡು ಹೋಗ್ತಿದ್ದೆ.”

ಅಪ್ಪನ ಕೈ ನಿಂತಿತು. “ಕೇಳ್ಬೇಕಿತ್ತು,” ಎಂದ. “ತಪ್ಪಾತು.” ನಮ್ಮಪ್ಪ ಆ ಮಾತು ಆಡಿದ್ದನ್ನು ನಾನು ನನ್ನ ಜೀವಮಾನದಲ್ಲಿ ಕೇಳಿದ್ದು ಅದೊಂದೇ ಸಲ. ಚಿಕ್ಕಪ್ಪ ತಲೆಯಾಡಿಸಿ, ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ಎದ್ದ.

ಹಗ್ಗ ಮತ್ತೆ ಗಾಲಿಯ ಮೇಲೇರಿತು. ಚಿಕ್ಕಪ್ಪನ ಸೊಂಟಕ್ಕೆ ಈ ಸಲ ಗಂಟು ಹಾಕಿದ್ದು ಅಪ್ಪ. ಎರಡೆರಡು ಸಲ ಎಳೆದು ನೋಡಿದ. ಆಮೇಲೆ ಹಗ್ಗವನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ ಕಾಲೂರಿ ನಿಂತ. ಚಿಕ್ಕಪ್ಪ ಬಾವಿಯೊಳಗೆ ಇಳಿದು ಮರೆಯಾದ. ನಾವೆಲ್ಲ ಕಟ್ಟೆಯಿಂದ ಬಗ್ಗಿ ನೋಡಿದೆವು.

ಕೆಳಗಿಂದ, ಕಲ್ಲುಗೋಡೆಗಳಿಗೆ ತಾಗಿ ದುಪ್ಪಟ್ಟಾಗಿ, ದನಿ ಬಂತು. “ಬಿಡು ಅಣ್ಣ.”

ಅಪ್ಪ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟ, ಆದರೆ “ಬಿಟ್ಟೆ” ಎನ್ನಲಾಗಲಿಲ್ಲ. ಕಣ್ಣಿಂದ ನೀರು ಇಳಿದು ಮೀಸೆಯೆಲ್ಲ ತೊಯ್ದಿತ್ತು. ಎರಡೂ ಕೈಯಲ್ಲಿ ಹಗ್ಗ, ಒರೆಸಿಕೊಳ್ಳಲೂ ಬರುವಂತಿರಲಿಲ್ಲ. ಅವ್ವ ಹತ್ತಿರ ಹೋಗಿ ತನ್ನ ಸೆರಗಿನಿಂದ ಅವನ ಮುಖ ಒರೆಸಿದಳು.

“ಅಣ್ಣಾ,” ಎಂದಿತು ಬಾವಿ, ಈಗ ಸ್ವಲ್ಪ ಗಾಬರಿಯಿಂದ. “ಐದೀಯಾ?”

“ಐದೀನಿ ಕಣೋ,” ಎಂದ ಅಪ್ಪ. “ಹಿಡ್ಕಂಡೇ ಐದೀನಿ. ಇಳಿ.”